ದೋಷ ಹೆಂಗಸರ ಮೈಯಲ್ಲಿ ಇರ್ಲಿಲ್ಲ: ಹೆಣ್ಣಿನ ಲೈಂಗಿಕ ಸುಖದ ಬಗ್ಗೆ ನೂರು ವರ್ಷದ ಜಗಳ

ನಮ್ಮ ಪೇಪರ್, ವಾರಪತ್ರಿಕೆಗಳಲ್ಲಿ ಬರೋ ಲೈಂಗಿಕ ಸಮಸ್ಯೆಗಳ ಪ್ರಶ್ನೋತ್ತರ ಓದೋರಿಗೆ ಒಂದು ಪ್ರಶ್ನೆ ಚೆನ್ನಾಗಿ ಪರಿಚಯ ಇರುತ್ತೆ. ಮದುವೆಯಾಗಿ ಇಷ್ಟು ವರ್ಷ ಆಯ್ತು, ಗಂಡ ಒಳ್ಳೆಯವರೇ, ಆದ್ರೆ ಸೇರುವಾಗ ನನಗೆ ಏನೂ ಅನ್ಸಲ್ಲ, ನನ್ನಲ್ಲೇ ಏನಾದ್ರೂ ದೋಷ ಇದ್ಯಾ ಡಾಕ್ಟ್ರೇ ಅಂತ. ಸುಖ ಸಿಗ್ತಿಲ್ಲ ಅನ್ನೋ ದೂರು ಬಾಯಿಗೆ ಬರೋ ಮುಂಚೆನೇ ದೋಷ ನನ್ನದೇ ಇರ್ಬೇಕು ಅನ್ನೋ ಭಯ ಬಂದು ಕೂತಿರುತ್ತೆ. ಈ ಭಯ ಆ ಹೆಂಗಸು ಒಬ್ಬಳದ್ದಲ್ಲ, ಇದನ್ನ ಹುಟ್ಟಿಸಿದೋರು, ಬೆಳೆಸಿದೋರು, ಆಮೇಲೆ ಅದನ್ನ ಕಿತ್ತು ಹಾಕೋಕೆ ಹೋರಾಡಿದೋರು ಎಲ್ಲಾ ಇದ್ದಾರೆ, ಆ ಕಥೆ ಕನ್ನಡದಲ್ಲಿ ಪೂರ್ತಿಯಾಗಿ ಹೇಳಿದ್ದು ನಾನು ಹೆಚ್ಚು ನೋಡಿಲ್ಲ, ಅದಕ್ಕೇ ಇದನ್ನ ಬರೀತಿದೀನಿ.

ಮೊದಲು ಮೈ ವಿಷಯ. ಹೆಂಗಸರ ಸುಖಕ್ಕೆ ಮುಖ್ಯವಾದ ಅಂಗ ಕ್ಲಿಟೋರಿಸ್, ಕನ್ನಡದಲ್ಲಿ ಚಂದ್ರನಾಡಿ ಅಂತಾರಲ್ಲ ಅದು. ಇದು ವಿಜ್ಞಾನಕ್ಕೆ ಗೊತ್ತೇ ಇರ್ಲಿಲ್ಲ ಅಂತೇನಿಲ್ಲ. 1559ರಲ್ಲಿ ಇಟಲಿಯ ರಿಯಾಲ್ಡೋ ಕೊಲಂಬೋ ಅನ್ನೋ ಅಂಗರಚನಾ ತಜ್ಞ ಇದನ್ನ ನಾನೇ ಕಂಡುಹಿಡಿದೆ ಅಂದ, ಎರಡು ವರ್ಷಕ್ಕೆ ಅಲ್ಲಿನವನೇ ಇನ್ನೊಬ್ಬ ಅಂಗರಚನಾ ತಜ್ಞ ಫಲೋಪಿಯೋ ಇಲ್ಲ ಅದು ನನ್ನದು ಅಂದ. 1844ರಲ್ಲಿ ಜರ್ಮನಿಯ ಕೋಬೆಲ್ಟ್ ಒಳಗಿನ ರಚನೆನೂ ಸೇರಿಸಿ ಎಷ್ಟು ಕರೆಕ್ಟಾಗಿ ಚಿತ್ರ ಬರೆದ ಅಂದ್ರೆ ಇವತ್ತಿಗೂ ಅದನ್ನ ನೆನೆಸ್ಕೊಳ್ತಾರೆ. ಅಂದ್ರೆ ಮಾಹಿತಿ ಇತ್ತು. ಅದನ್ನ ಪಕ್ಕಕ್ಕೆ ಸರಿಸಿದ್ದು ಆಮೇಲೆ.

ಸರಿಸಿದೋರಲ್ಲಿ ದೊಡ್ಡ ಹೆಸರು ಮನೋವಿಶ್ಲೇಷಣೆ ಶುರು ಮಾಡಿದ ವಿಯೆನ್ನಾದ ಡಾಕ್ಟರ್ ಸಿಗ್ಮಂಡ್ ಫ್ರಾಯ್ಡ್. 1905ರ ತನ್ನ ಪ್ರಬಂಧಗಳಲ್ಲಿ ಅವನು ಹೇಳಿದ್ದು ಇಷ್ಟು: ಚಿಕ್ಕ ಹುಡುಗಿಗೆ ಸುಖದ ಜಾಗ ಕ್ಲಿಟೋರಿಸ್, ಅವಳು ಪೂರ್ತಿ ಹೆಂಗಸಾಗ್ಬೇಕು ಅಂದ್ರೆ ಆ ಸುಖ ಯೋನಿಗೆ ವರ್ಗ ಆಗ್ಬೇಕು. ದೊಡ್ಡ ಕಟ್ಟಿಗೆಗೆ ಬೆಂಕಿ ಹಚ್ಚೋಕೆ ಪೈನ್ ಮರದ ಚಕ್ಕೆ ಉಪಯೋಗಿಸ್ತೀವಲ್ಲ, ಕ್ಲಿಟೋರಿಸ್ ಕೆಲಸ ಅಷ್ಟೇ ಅಂತ ಅವನದ್ದೇ ಹೋಲಿಕೆ. ವರ್ಗ ಆಗ್ಲಿಲ್ಲ ಅಂದ್ರೆ ಅವಳ ಮನಸ್ಸು ಬೆಳೆದಿಲ್ಲ ಅಂತ ಲೆಕ್ಕ. ಇದಕ್ಕೆ ಮೈಯೊಳಗಿನ ಯಾವ ಪುರಾವೆನೂ ಇರ್ಲಿಲ್ಲ, ನರ ಎಲ್ಲಿವೆ ಅಂತ ಯಾರೂ ಎಣಿಸಿ ಹೇಳಿದ್ದಲ್ಲ, ಗಂಡು ಹೆಣ್ಣಿನ ಸಂಭೋಗ ಅಂದ್ರೆ ಹೀಗೇ ಇರ್ಬೇಕು ಅನ್ನೋ ನಂಬಿಕೆ ಮೊದಲಿತ್ತು, ಹೆಣ್ಣಿನ ದೇಹವನ್ನ ಅದಕ್ಕೆ ಹೊಂದಿಸಿದ್ರು.

ಈ ಥಿಯರಿ ಒಬ್ಬ ಹೆಂಗಸಿಗೆ ಏನು ಮಾಡ್ತು ಅಂತ ನೋಡ್ಬೇಕು ಅಂದ್ರೆ ಮರೀ ಬೋನಪಾರ್ಟ್ ಕಥೆ ಓದ್ಬೇಕು. ನೆಪೋಲಿಯನ್ನನ ತಮ್ಮನ ವಂಶದವಳು, ಗ್ರೀಸ್ ರಾಜಮನೆತನಕ್ಕೆ ಸೊಸೆಯಾಗಿ ಹೋದೋಳು, ದುಡ್ಡು, ಓದು, ಪ್ರಭಾವ ಎಲ್ಲಾ ಇತ್ತು. ಆದ್ರೆ ಸಂಭೋಗದಲ್ಲಿ ಅವಳಿಗೆ ತೃಪ್ತಿ ಸಿಗ್ತಿರ್ಲಿಲ್ಲ. ಅವಳು ಸುಮ್ಮನೆ ಕೂರ್ಲಿಲ್ಲ, 243 ಹೆಂಗಸರನ್ನ ಅಳತೆ ಮಾಡಿಸಿ, ಕ್ಲಿಟೋರಿಸ್‌ಗೂ ಯೋನಿದ್ವಾರಕ್ಕೂ ಮಧ್ಯ ಎಷ್ಟು ಅಂತರ ಇದೆ, ಅಂತರಕ್ಕೂ ಸುಖಕ್ಕೂ ಏನು ಸಂಬಂಧ ಅಂತ 1924ರಲ್ಲಿ ಬೆಲ್ಜಿಯಂನ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಎ. ಇ. ನಾರ್ಜಾನಿ ಅನ್ನೋ ಸುಳ್ಳು ಹೆಸರಲ್ಲಿ ಲೇಖನ ಬರೆದ್ಲು. ಅಂತರ ಎರಡೂವರೆ ಸೆಂಟಿಮೀಟರ್‌ಗಿಂತ ಜಾಸ್ತಿ ಇದ್ದೋರಿಗೆ ಬರೀ ಸಂಭೋಗದಿಂದ ಪರಾಕಾಷ್ಠೆ, ಅಂದ್ರೆ ಸುಖದ ತುತ್ತತುದಿ, ಸಿಗೋದು ಕಷ್ಟ ಅನ್ನೋದು ಅವಳ ತೀರ್ಮಾನ. 2011ರಲ್ಲಿ ಇಬ್ಬರು ಅಮೆರಿಕನ್ ಸಂಶೋಧಕರು ಅದೇ ಅಂಕಿಅಂಶ ಮತ್ತೆ ಲೆಕ್ಕ ಹಾಕಿದಾಗ ಅವಳ ಮಾತಲ್ಲಿ ಹುರುಳಿದೆ ಅಂತ ಕಂಡಿತು. ಅಂದ್ರೆ ಸತ್ಯದ ಹತ್ತಿರಕ್ಕೆ ಅವಳು ಆವಾಗ್ಲೇ ಬಂದಿದ್ಲು. ಆದ್ರೆ ಸಂಭೋಗದ ರೀತಿ ಬದಲಾಯಿಸ್ಬಹುದು ಅನ್ನೋ ಯೋಚನೆ ಆ ಕಾಲದಲ್ಲಿ ಅವಳಿಗೂ ಬರ್ಲಿಲ್ಲ, ದೇಹವನ್ನೇ ಬದಲಾಯಿಸೋಕೆ ಹೊರಟ್ಲು. 1927ರಲ್ಲಿ ವಿಯೆನ್ನಾದ ಹಾಲ್ಬಾನ್ ಅನ್ನೋ ಸರ್ಜನ್ ಕೈಲಿ ಕ್ಲಿಟೋರಿಸ್ ಜಾಗ ಬದಲಾಯಿಸೋ ಆಪರೇಷನ್ ಮಾಡಿಸ್ಕೊಂಡ್ಲು, ಫಲ ಸಿಗ್ಲಿಲ್ಲ, ಮತ್ತೆ ಮಾಡಿಸಿದ್ರೂ ಸಿಗ್ಲಿಲ್ಲ. ಅಷ್ಟು ಹೊತ್ತಿಗೆ ಅವಳು ಫ್ರಾಯ್ಡ್‌ನ ರೋಗಿ, ಶಿಷ್ಯೆ, ಗೆಳತಿ ಎಲ್ಲಾ ಆಗಿದ್ಲು. ಇಷ್ಟು ವರ್ಷ ಹೆಣ್ಣಿನ ಮನಸ್ಸನ್ನ ಅಭ್ಯಾಸ ಮಾಡಿದ್ರೂ ಹೆಣ್ಣಿಗೆ ಏನು ಬೇಕು ಅನ್ನೋ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ ಅಂತ ಫ್ರಾಯ್ಡ್ ಹೇಳಿದ್ದು ಈಕೆ ಹತ್ರಾನೇ. ನನಗೆ ಈ ಕಥೆ ಓದಿದಾಗೆಲ್ಲ ಸಂಕಟ ಆಗುತ್ತೆ, ಉತ್ತರ ಅವಳ ಕೈಯಲ್ಲೇ ಇತ್ತು, ಅಳತೆ ಸಮೇತ.

ರಾಜಕುಮಾರಿಗೇ ಹೀಗಾದ್ರೆ ಸಾಮಾನ್ಯ ಹೆಂಗಸರ ಗತಿ ಏನು. 1936ರಲ್ಲಿ ಫ್ರಾಯ್ಡ್ ಪರಂಪರೆಯ ಇಬ್ಬರು ಮನೋವೈದ್ಯರು ಯೋನಿಯಿಂದ ಪರಾಕಾಷ್ಠೆ ಬರದೇ ಇರೋಳೇ ‘ಫ್ರಿಜಿಡ್’, ಅಂದ್ರೆ ಕಾಮದ ವಿಷಯದಲ್ಲಿ ತಣ್ಣಗಿರೋಳು, ಅಂತ ಪುಸ್ತಕದಲ್ಲಿ ಬರೆದ್ರು. ಬೇರೆ ರೀತಿ ಸುಖ ಸಿಕ್ಕಿದ್ರೂ ಅದು ಲೆಕ್ಕಕ್ಕಿಲ್ಲ. ಅಮೆರಿಕದಲ್ಲಿ ಮಹಾಯುದ್ಧ ಮುಗಿದ ಮೇಲೆ ಮನೋವೈದ್ಯರ ಮಾತಿಗೆ ಬೆಲೆ ಏರಿದ ಹಾಗೆ ಈ ಹಣೆಪಟ್ಟಿನೂ ಮನೆಮನೆಗೆ ಹೋಯ್ತು, ಹೆಂಗಸರು ಸುಖ ಸಿಕ್ಕ ಹಾಗೆ ನಾಟಕ ಆಡೋದು ಕಲಿತ್ರು.

ಆಮೇಲೆ ಲೈಂಗಿಕತೆಯ ಸಂಶೋಧಕರು ಬಂದ್ರು. 1953ರಲ್ಲಿ ಆಲ್ಫ್ರೆಡ್ ಕಿನ್ಸಿ ಸುಮಾರು ಆರು ಸಾವಿರ ಹೆಂಗಸರ ಸಂದರ್ಶನ ಆಧರಿಸಿದ ವರದಿ ಹೊರಗೆ ತಂದ, ಯೋನಿಯ ಒಳಗೋಡೆಗೆ ಸ್ಪರ್ಶಜ್ಞಾನ ಬಹಳ ಕಡಿಮೆ, ಅಲ್ಲಿಗೆ ಸುಖ ‘ವರ್ಗ’ ಆಗೋದು ಅನ್ನೋದಕ್ಕೆ ಅರ್ಥವೇ ಇಲ್ಲ ಅಂದ. ಗಲಾಟೆ ಆಯ್ತು, ಮರುವರ್ಷ ರಾಕ್‌ಫೆಲ್ಲರ್ ಫೌಂಡೇಷನ್ ಅವನ ಸಂಶೋಧನೆಗೆ ಕೊಡ್ತಿದ್ದ ದುಡ್ಡು ನಿಲ್ಲಿಸ್ತು. 1966ರಲ್ಲಿ ಮಾಸ್ಟರ್ಸ್ ಮತ್ತು ಜಾನ್ಸನ್ ಜೋಡಿ 382 ಹೆಂಗಸರು, 312 ಗಂಡಸರನ್ನ ಲ್ಯಾಬ್‌ನಲ್ಲೇ ಗಮನಿಸಿ ಪರಾಕಾಷ್ಠೆ ಎರಡು ಥರ ಇಲ್ಲ, ದೇಹದ ಮಟ್ಟದಲ್ಲಿ ಒಂದೇ ಅಂತ ತೋರಿಸಿದ್ರು. ಆದ್ರೂ ಸಂಭೋಗವೇ ಮುಖ್ಯ ಅನ್ನೋ ಕಲ್ಪನೆಯನ್ನ ಅವರು ಕೈಬಿಡ್ಲಿಲ್ಲ.

ಇಲ್ಲಿಗೆ ಬರ್ತಾಳೆ ಆನ್ ಕೋಯ್ಟ್. ಡೆನ್ಮಾರ್ಕ್‌ನಲ್ಲಿ ಹುಟ್ಟಿ ನ್ಯೂಯಾರ್ಕ್‌ನ ಸ್ತ್ರೀವಾದಿ ಗುಂಪುಗಳಲ್ಲಿ ಇದ್ದೋಳು, ಇನ್ನೂ ಮೂವತ್ತು ತುಂಬಿರ್ಲಿಲ್ಲ. 1968ರಲ್ಲಿ ಚಿಕ್ಕದಾಗಿ, 1970ರಲ್ಲಿ ಪೂರ್ತಿಯಾಗಿ ‘ಯೋನಿ ಪರಾಕಾಷ್ಠೆ ಅನ್ನೋ ಮಿಥ್ಯೆ’ ಅಂತ ಒಂದು ಲೇಖನ ಬರೆದ್ಲು. ಅವಳ ಹತ್ರ ಹೊಸ ಸಂಶೋಧನೆ ಏನೂ ಇರ್ಲಿಲ್ಲ, ಕಿನ್ಸಿ, ಮಾಸ್ಟರ್ಸ್ ಹೇಳಿದ್ದನ್ನೇ ಮುಂದಿಟ್ಟು ಬೇರೆ ಪ್ರಶ್ನೆ ಕೇಳಿದ್ಲು: ವಿಷಯ ಇಷ್ಟು ಸ್ಪಷ್ಟ ಇರುವಾಗ ಸುಳ್ಳು ಯಾಕೆ ಬದುಕಿದೆ, ಅದರಿಂದ ಯಾರಿಗೆ ಲಾಭ? ಗಂಡಸಿಗೆ ಯಾವುದು ಸುಖವೋ ಅದನ್ನೇ ಸೆಕ್ಸ್ ಅಂತ ಕರೆದಿದ್ದಾರೆ, ಹೆಣ್ಣಿನ ದೇಹ ಹೇಗಿದೆ ಅಂತ ನೋಡಿ ಸೆಕ್ಸ್‌ನ ಅರ್ಥ ಕಟ್ಟಿಲ್ಲ, ಎರಡು ಕಡೆಗೂ ಸುಖ ಸಿಗೋ ಹಾಗೆ ಹೊಸದಾಗಿ ಕಟ್ಟೋಣ ಅನ್ನೋದು ಅವಳ ವಾದ. ಜೊತೆಗೆ ಇನ್ನೊಂದು ಮಾತು ಸೇರಿಸಿದ್ಲು, ಹೆಣ್ಣಿನ ಸುಖಕ್ಕೆ ಗಂಡಸು ಅನಿವಾರ್ಯ ಅಲ್ಲ ಅಂತ ಗೊತ್ತಾಗಿಬಿಡುತ್ತೆ ಅನ್ನೋ ಹೆದರಿಕೆ ಗಂಡಸರಿಗಿದೆ ಅಂತ. ನಾನು ಈ ಇಡೀ ಇತಿಹಾಸದಲ್ಲಿ ಅತಿ ದೊಡ್ಡ ತಿರುವು ಅಂದ್ರೆ ಇದೇ ಅಂತೀನಿ, ಯಾಕಂದ್ರೆ ಅಲ್ಲಿವರೆಗೂ ಎಲ್ಲರೂ ಹೆಂಗಸರ ದೇಹದಲ್ಲಿ ಏನು ಕೊರತೆ ಇದೆ ಅಂತ ಹುಡುಕ್ತಿದ್ರು, ಕೋಯ್ಟ್ ಹಾಸಿಗೆಯಲ್ಲಿ ಯಾರ ಮಾತು ನಡೆಯುತ್ತೆ ಅಂತ ಕೇಳಿದ್ಲು.

ಅದೇ ಹೊತ್ತಿಗೆ ಬಾಸ್ಟನ್‌ನಲ್ಲಿ ಒಂದಿಷ್ಟು ಹೆಂಗಸರು ಸೇರಿ ತಮ್ಮ ದೇಹದ ಬಗ್ಗೆ ತಾವೇ ಓದಿ, ತಮ್ಮ ಅನುಭವ ಸೇರಿಸಿ, 1970ರಲ್ಲಿ ನ್ಯೂಸ್‌ಪ್ರಿಂಟ್‌ನಲ್ಲಿ 75 ಸೆಂಟ್‌ಗೆ ಒಂದು ಪುಸ್ತಕ ಮಾರಿದ್ರು, ಅದು ಆಮೇಲೆ ಜಗತ್ತಿಡೀ ಹೋಯ್ತು. 1976ರಲ್ಲಿ ಶೇರ್ ಹೈಟ್ ಸುಮಾರು ಮೂರು ಸಾವಿರ ಹೆಂಗಸರ ಲಿಖಿತ ಉತ್ತರಗಳನ್ನ ಅವರದ್ದೇ ಮಾತಲ್ಲಿ ಪ್ರಕಟಿಸಿದ್ಲು, ಬರೀ ಸಂಭೋಗದಿಂದ ನಿಯಮಿತವಾಗಿ ಪರಾಕಾಷ್ಠೆ ತಲುಪೋರು ಶೇಕಡಾ 30 ಮಾತ್ರ ಅನ್ನೋದು ಅದರ ಸುದ್ದಿ. ಅವಳು ಹಂಚಿದ ಪ್ರಶ್ನಾವಳಿಯಲ್ಲಿ ಬಹಳ ಕಡಿಮೆ ವಾಪಸ್ ಬಂದಿದ್ವು, ಆ ಟೀಕೆ ನ್ಯಾಯವಾದದ್ದೇ, ಆದ್ರೆ ಅವಳ ಮೇಲೆ ಬಿದ್ದ ಬೈಗುಳ ವಿಧಾನದ ಬಗ್ಗೆ ಮಾತ್ರ ಇರ್ಲಿಲ್ಲ. ಕೊನೆಗೆ ಅವಳು 1995ರಲ್ಲಿ ಅಮೆರಿಕದ ಪೌರತ್ವನೇ ಬಿಟ್ಟು ಜರ್ಮನಿಯವಳಾದ್ಲು.

ಸ್ತ್ರೀವಾದಿಗಳು ಎಲ್ಲರೂ ಒಂದೇ ಮಾತು ಹೇಳಿದ್ರು ಅಂತ ಮಾತ್ರ ಅಂದ್ಕೋಬೇಡಿ. 1979ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನ ಒಂದು ಗುಂಪು ಗಂಡಸರ ಜೊತೆ ಮಲಗೋದನ್ನೇ ಬಿಡಿ ಅಂತ ಕರೆ ಕೊಟ್ಟಿತು. ಮರುವರ್ಷ ಕವಿ ಏಡ್ರಿಯನ್ ರಿಚ್, ಹೆಣ್ಣಿಗೆ ಗಂಡೇ ಬೇಕು ಅನ್ನೋದು ಸಹಜ ಆಯ್ಕೆಯಾ ಅಥವಾ ಸಮಾಜ ಹೇರಿದ್ದಾ ಅಂತ ಕೇಳಿದ್ಲು. 1982ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನ ಬರ್ನಾರ್ಡ್ ಕಾಲೇಜಿನ ಸಮ್ಮೇಳನದಲ್ಲಿ ಜಗಳ ಬೀದಿಗೇ ಬಂತು. ಹಿಂಸೆಯ ಬಗ್ಗೆ ಮಾತ್ರ ಮಾತಾಡ್ತಾ ಕೂತ್ರೆ ಹೆಣ್ಣಿನ ಆಸೆಗೆ ಜಾಗ ಎಲ್ಲಿ ಅಂತ ಒಳಗಿನವರು, ಅಧಿಕಾರ ಸಮ ಇಲ್ಲದ ಕಡೆ ಸುಖದ ಮಾತು ಮೋಸ ಅಂತ ಹೊರಗೆ ಪ್ರತಿಭಟಿಸಿದವರು. ನನಗೆ ಎರಡೂ ಕಡೆಯವರ ಮಾತು ಬೇಕು ಅನ್ಸುತ್ತೆ. ಬೇಡ ಅನ್ನೋ ಹಕ್ಕಿಲ್ಲದೋಳು ಬೇಕು ಅಂದ್ರೂ ಅದಕ್ಕೆ ತೂಕ ಬರಲ್ಲ, ಹಾಗಂತ ಬೇಡ ಅನ್ನೋದನ್ನ ಮಾತ್ರ ಕಲಿಸಿ ಬೇಕು ಅನ್ನೋದನ್ನ ಕಲಿಸದೇ ಇದ್ರೆ ನಮ್ಮ ಹುಡುಗೀರಿಗೆ ಸೆಕ್ಸ್ ಅಂದ್ರೆ ತಪ್ಪಿಸ್ಕೋಬೇಕಾದ ವಿಷಯ ಮಾತ್ರ ಆಗಿ ಉಳಿಯುತ್ತೆ.

ಇದನ್ನ ಓದಿ, ನಮ್ಮಲ್ಲಿ ಕಾಮಸೂತ್ರನೇ ಇತ್ತಲ್ಲ, ಇದೆಲ್ಲ ಪಾಶ್ಚಾತ್ಯರ ಸಮಸ್ಯೆ ಅನ್ನೋರು ಇರ್ತಾರೆ. ಹೌದು, ಹೆಂಗಸರಿಗೆ ಗಂಡಸರ ಹಾಗೇ ಸುಖ ಇದ್ಯಾ ಅಂತ ಕಾಮಶಾಸ್ತ್ರದ ಹಳೇ ಆಚಾರ್ಯ ಔದ್ದಾಲಕಿ ಒಂದು ಹೇಳಿದ, ಇನ್ನೊಬ್ಬ ಆಚಾರ್ಯ ಬಾಭ್ರವ್ಯನ ಕಡೆಯವರು ಇನ್ನೊಂದು ಹೇಳಿದ್ರು, ವಾತ್ಸ್ಯಾಯನ ಇಬ್ಬರಿಗೂ ಸುಖ ಉಂಟು, ಆದ್ದರಿಂದ ಹೆಣ್ಣಿಗೆ ಮೊದಲು ತೃಪ್ತಿಯಾಗೋ ಹಾಗೆ ನೋಡ್ಕೊಳ್ಳಿ ಅಂದ. ಒಳ್ಳೆ ಮಾತೇ. ಆದ್ರೆ ಆ ಚರ್ಚೆಯಲ್ಲಿ ಮಾತಾಡಿದೋರೆಲ್ಲ ಗಂಡಸರು. ಹೆಣ್ಣೇ ಬರೆದಾಗ ಏನಾಯ್ತು ಅಂತ ನೋಡಿ. 18ನೇ ಶತಮಾನದ ತಂಜಾವೂರು ಆಸ್ಥಾನದ ಮುದ್ದುಪಳನಿ ತೆಲುಗಿನಲ್ಲಿ ‘ರಾಧಿಕಾ ಸಾಂತ್ವನಮು’ ಬರೆದ್ಲು, ರಾಧೆ ತನ್ನ ಆಸೆಯನ್ನ ಬಾಯಿಬಿಟ್ಟು ಹೇಳೋ ಕಾವ್ಯ. ನಮ್ಮ ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ, ದೇವದಾಸಿ ಮನೆತನದ ದೊಡ್ಡ ಗಾಯಕಿ, ಬಿಟ್ಟುಹೋಗಿದ್ದ ಪದ್ಯಗಳನ್ನೆಲ್ಲ ಸೇರಿಸಿ ಅದನ್ನ 1910ರಲ್ಲಿ ಮದ್ರಾಸಿನಲ್ಲಿ ಪ್ರಕಟಿಸಿದ್ರು. ಸಮಾಜ ಸುಧಾರಕ ಅಂತ ಹೆಸರಾದ ಕಂದುಕೂರಿ ವೀರೇಶಲಿಂಗಂ ಅಂಥೋರು ಮುದ್ದುಪಳನಿಯನ್ನ ಕುಲಟೆ ಅಂತ ಬೈದಿದ್ರು. ಗಂಡು ಕವಿಗಳು ಇದಕ್ಕಿಂತ ಹೆಚ್ಚು ಬರೆದಿರುವಾಗ ನಾಚಿಕೆ ಅನ್ನೋದು ಹೆಂಗಸರಿಗೆ ಮಾತ್ರನಾ ಅಂತ ನಾಗರತ್ನಮ್ಮ ತಿರುಗಿಸಿ ಕೇಳಿದ್ರು. ಮರುವರ್ಷ ಬ್ರಿಟಿಷ್ ಸರ್ಕಾರ ಅಶ್ಲೀಲ ಅಂತ ಪ್ರತಿಗಳನ್ನ ಜಪ್ತಿ ಮಾಡ್ತು, ಆ ನಿಷೇಧ ತೆಗೆಯೋಕೆ 1947 ಬರ್ಬೇಕಾಯ್ತು. ಫ್ರಾಯ್ಡ್ ಪ್ರಬಂಧ ಬಂದು ಐದೇ ವರ್ಷಕ್ಕೆ, ಅವನ ಹೆಸರು ಕೇಳದೇ ಇದ್ದಿರಬಹುದಾದ ಒಬ್ಬ ಕನ್ನಡತಿ ಎತ್ತಿದ ಪ್ರಶ್ನೆ ಇದು.

ಕನ್ನಡದಲ್ಲಿ ಆಮೇಲೆ ಡಾ. ಅನುಪಮಾ ನಿರಂಜನ ‘ದಾಂಪತ್ಯ ದೀಪಿಕೆ’ ಬರೆದ್ರು, ಡಾಕ್ಟರ್ ಆಗಿದ್ದ ಒಬ್ಬ ಹೆಂಗಸು ಈ ವಿಷಯ ಕನ್ನಡದಲ್ಲಿ ಮುಚ್ಚುಮರೆ ಇಲ್ಲದೆ ಬರೆದದ್ದು ಎಷ್ಟೋ ಮನೆಗಳಿಗೆ ಉಪಕಾರ ಆಗಿದೆ. ಶಾಲೆಯಲ್ಲಂತೂ ನಾವು ಅಷ್ಟು ದೂರ ಬಂದಿಲ್ಲ, 2007ರಲ್ಲಿ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮವನ್ನ ಹಲವು ರಾಜ್ಯಗಳು ತಡೆದಾಗ ಕರ್ನಾಟಕನೂ ಅದ್ರಲ್ಲಿತ್ತು.

ದೇಹದ ಪೂರ್ತಿ ಚಿತ್ರ ಮತ್ತೆ ಸಿಕ್ಕಿದ್ದು 1998ರಲ್ಲಿ. ಮೆಲ್ಬರ್ನ್‌ನ ಯುರಾಲಜಿಸ್ಟ್ (ಮೂತ್ರಾಂಗದ ಡಾಕ್ಟರ್) ಹೆಲೆನ್ ಓಕಾನೆಲ್ ಓದುವಾಗಿನ ಪಠ್ಯಪುಸ್ತಕಗಳಲ್ಲಿ ಗಂಡಸರ ಅಂಗಕ್ಕೆ ಪುಟಗಟ್ಟಲೆ ಜಾಗ, ಆಪರೇಷನ್‌ನಲ್ಲಿ ಅವರ ನರ ಹೇಗೆ ಉಳಿಸ್ಬೇಕು ಅಂತ ವಿವರ, ಹೆಂಗಸರ ಬಗ್ಗೆ ಅಂಥದ್ದೇನೂ ಇರ್ಲಿಲ್ಲ. ಅವಳು ಶವಗಳನ್ನ ಛೇದಿಸಿ, ಆಮೇಲೆ ಎಂಆರ್‌ಐ ಮಾಡಿ ತೋರಿಸಿದ್ದು, ಹೊರಗೆ ಕಾಣೋ ಬಟಾಣಿಯಷ್ಟು ಭಾಗ ತುದಿ ಮಾತ್ರ, ಒಳಗೆ ಯೋನಿಯ ಎರಡೂ ಪಕ್ಕಕ್ಕೆ ಚಾಚಿಕೊಂಡ ಕಾಲುಗಳು, ಉಬ್ಬುಗಳು ಸೇರಿ ಇದು ದೊಡ್ಡ ಅಂಗ ಅಂತ. 2022ರಲ್ಲಿ ಅಮೆರಿಕದ ಆರೆಗಾನ್‌ನ ಸಂಶೋಧಕರು ಇದರ ನರತಂತುಗಳನ್ನ ಎಣಿಸಿ ಸರಾಸರಿ 10,281 ಅಂದ್ರು, ಅಲ್ಲಿವರೆಗೆ ಎಲ್ಲ ಕಡೆ ಓಡಾಡ್ತಿದ್ದ ಎಂಟು ಸಾವಿರದ ಲೆಕ್ಕ ದನಗಳ ಮೇಲಿನ ಅಧ್ಯಯನದ್ದು.

ಹಾಗಿದ್ರೆ ಈಗ ಎಲ್ಲಾ ಸರಿ ಹೋಯ್ತಾ ಅಂದ್ರೆ, ಅಮೆರಿಕದಲ್ಲಿ 52 ಸಾವಿರಕ್ಕೂ ಹೆಚ್ಚು ಜನರ ಉತ್ತರ ಇಟ್ಕೊಂಡು 2018ರಲ್ಲಿ ಬಂದ ಅಧ್ಯಯನ ನೋಡಿ. ಸೆಕ್ಸ್‌ನಲ್ಲಿ ಸಾಮಾನ್ಯವಾಗಿ ಅಥವಾ ಯಾವಾಗ್ಲೂ ಪರಾಕಾಷ್ಠೆ ತಲುಪ್ತೀವಿ ಅಂದೋರು ಹೆಣ್ಣನ್ನ ಪ್ರೀತಿಸೋ ಗಂಡಸರಲ್ಲಿ ಶೇ. 95, ಗಂಡನ್ನ ಪ್ರೀತಿಸೋ ಹೆಂಗಸರಲ್ಲಿ ಶೇ. 65, ಹೆಣ್ಣನ್ನೇ ಪ್ರೀತಿಸೋ ಹೆಂಗಸರಲ್ಲಿ ಶೇ. 86. ಆ ಕೊನೆ ಅಂಕಿ ಮೇಲೆ ಕಣ್ಣಿಡಿ. ಹೆಣ್ಣಿನ ದೇಹವೇ ಕಷ್ಟದ್ದು, ಅವರಿಗೆ ಅದು ಹಾಗೇನೇ, ಟೈಮ್ ಹಿಡಿಯುತ್ತೆ ಅನ್ನೋದು ನಿಜ ಆಗಿದ್ರೆ 86 ಬರೋ ಹಾಗೇ ಇಲ್ಲ. ದೇಹ ಅದೇ, ಬದಲಾದದ್ದು ಜೊತೆಗಿರೋರು ಏನನ್ನ ಸೆಕ್ಸ್ ಅಂದ್ಕೊಂಡಿದ್ದಾರೆ, ಎಷ್ಟು ಕೇಳಿಸ್ಕೊಳ್ತಾರೆ ಅನ್ನೋದು. ಅದೇ ಅಧ್ಯಯನದಲ್ಲಿ, ಬೇಕಾದ್ದನ್ನ ಬಾಯಿಬಿಟ್ಟು ಕೇಳೋ ಹೆಂಗಸರಿಗೆ ಸುಖ ಹೆಚ್ಚು ಸಲ ಸಿಕ್ಕಿತ್ತು.

ಬಾಯಿಬಿಟ್ಟು ಕೇಳೋದು ಅಂದ ತಕ್ಷಣ ನಮ್ಮ ಮನೆಗಳ ಬಾಗಿಲಿಗೆ ಬಂದು ನಿಲ್ತೀವಿ. ಬೇಡ ಅಂದ್ರೂ ನಡೆಯದ ಕಡೆ ಹೀಗೆ ಬೇಕು ಅಂತ ಹೇಳೋದು ಹೇಗೆ? ಮಾರ್ಚ್ 2022ರಲ್ಲಿ ಕರ್ನಾಟಕ ಹೈಕೋರ್ಟ್‌ನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಹೆಂಡತಿಯ ದೂರಿನ ಮೇಲೆ ಗಂಡನ ವಿರುದ್ಧ ಹಾಕಿದ್ದ ಅತ್ಯಾಚಾರದ ಆರೋಪ ರದ್ದು ಮಾಡೋಕೆ ಒಪ್ಪದೆ, ಗಂಡ ಮಾಡಿದ್ರೂ ಅತ್ಯಾಚಾರ ಅತ್ಯಾಚಾರವೇ ಅಂದ್ರು. ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಡ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನ್ಯಾಯ ಸಂಹಿತೆಯಲ್ಲೂ ಹೆಂಡತಿಗೆ 18 ತುಂಬಿದ್ರೆ ಗಂಡನಿಗೆ ಅತ್ಯಾಚಾರದ ಕೇಸಿನಿಂದ ಇರೋ ವಿನಾಯಿತಿ ಹಾಗೇ ಉಳ್ಕೊಂಡಿದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟ್‌ಗೆ ಕೊಟ್ಟ ಪ್ರಮಾಣಪತ್ರದಲ್ಲಿ, ಹೆಂಡತಿಯ ಸಮ್ಮತಿ ಮೀರೋ ಹಕ್ಕು ಗಂಡನಿಗಿಲ್ಲ, ಆದ್ರೆ ಮದುವೆಯಲ್ಲಿ ಸಂಗಾತಿಯಿಂದ ಲೈಂಗಿಕ ಸಂಬಂಧದ ನಿರೀಕ್ಷೆ ನಿರಂತರವಾಗಿ ಇರುತ್ತೆ, ಅದಕ್ಕೇ ಇದನ್ನ ಅತ್ಯಾಚಾರ ಅನ್ನೋದು ಅತಿ ಕಠಿಣ ಆಗುತ್ತೆ ಅಂತ ಬರೆದಿತ್ತು.