ಅರ್ಧ ಶಾಸನದ ಫೋಟೋ ಕಳಿಸಬೇಡಿ

ಶಾಸನ ಓದುವ ಕೆಲಸದಲ್ಲಿ ಇರುವವರ ಫೋನಿಗೆ ಫೋಟೋಗಳು ಬರುತ್ತಲೇ ಇರುತ್ತವೆ. ಹೊಲದಲ್ಲಿ ಸಿಕ್ಕ ವೀರಗಲ್ಲು, ಬಾವಿಕಟ್ಟೆಗೆ ಹಾಕಿದ ಕಲ್ಲು, ಗುಡಿಯ ಮೆಟ್ಟಿಲಲ್ಲಿ ಕಂಡ ಅಕ್ಷರ. ಇಂಥವು ಬಂದರೆ ಖುಷಿ, ದಯವಿಟ್ಟು ಕಳಿಸುತ್ತಿರಿ. ತಲೆಬಿಸಿ ಆಗುವುದು ಇನ್ನೊಂದು ಬಗೆಯ ಫೋಟೋದಿಂದ. ಎಲ್ಲರಿಗೂ ಗೊತ್ತಿರುವ ಶಾಸನ, ಅದರಲ್ಲಿ ಎರಡೇ ಸಾಲಿಗೆ ಕೆಂಪು ಗೆರೆ, ಕೆಳಗೆ 'ಇಷ್ಟು ಸಾಕಲ್ವಾ?' ಎಂಬ ಪ್ರಶ್ನೆ. ಏನನ್ನು ಸಾಬೀತು ಮಾಡಬೇಕು ಅನ್ನುವುದು ಕಲ್ಲು ನೋಡುವ ಮೊದಲೇ ತೀರ್ಮಾನ ಆಗಿರುತ್ತದೆ.

ಹೀಗೆ ಜಾಸ್ತಿ ಬರುವುದು ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ 1368ರ ಶಾಸನ. ವಿಜಯನಗರದ ಮೊದಲನೇ ಬುಕ್ಕನ ಕಾಲದ್ದು. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಗಿ, 'ಭಕ್ತರು' (ಅಂದರೆ ಶ್ರೀವೈಷ್ಣವರು) ನಮಗೆ ಅನ್ಯಾಯ ಮಾಡುತ್ತಿದ್ದಾರೆ ಎಂದು ಜೈನರು ರಾಜನಿಗೆ ಬಿನ್ನಹ ಮಾಡಿಕೊಳ್ಳುತ್ತಾರೆ. ಬುಕ್ಕ ಜೈನರ ಕೈ ಹಿಡಿದು ಶ್ರೀವೈಷ್ಣವರ ಕೈಯಲ್ಲಿಡುತ್ತಾನೆ. ಎರಡು ದರ್ಶನಗಳಿಗೂ ಭೇದವಿಲ್ಲ ಅನ್ನುತ್ತಾನೆ.

ಒಮ್ಮೆ ನಿವೃತ್ತ ಮೇಷ್ಟರೊಬ್ಬರು ಈ 'ಭೇದವಿಲ್ಲ'ದ ಕೆಳಗೆ ಗೆರೆ ಎಳೆದು ಕಳಿಸಿದರು. ನಮ್ಮ ನಾಡಿನಲ್ಲಿ ಧರ್ಮದ ಹೆಸರಲ್ಲಿ ಜಗಳವೇ ಇರಲಿಲ್ಲ ಎಂಬುದು ಅವರ ವಾದ. ಅದೇ ಸುಮಾರಿಗೆ ಒಬ್ಬ ಹುಡುಗ ಅದೇ ಕಲ್ಲಿನ ಬೇರೆ ಸಾಲಿಗೆ ಗೆರೆ ಹಾಕಿದ್ದ. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣ (ಆಗಿನ ನಾಣ್ಯ) ಎತ್ತಬೇಕು, ಎತ್ತುವವರು ಶ್ರೀವೈಷ್ಣವ ಆಚಾರ್ಯ ತಿರುಮಲೆಯ ತಾತಯ್ಯ ಎಂಬ ಸಾಲು ಅದು. ಇದು ದಬ್ಬಾಳಿಕೆಯ ತೆರಿಗೆ ಎಂಬುದು ಅವನ ವಾದ. ಇಬ್ಬರೂ ಒಳ್ಳೆಯ ಮನುಷ್ಯರು, ಇಬ್ಬರಿಗೂ ನಾಡಿನ ಬಗ್ಗೆ ಕಳಕಳಿ ಇದೆ. ಆದರೆ ಇಬ್ಬರೂ ತಮಗೆ ಬೇಕಾದ ಸಾಲು ಸಿಕ್ಕ ಕೂಡಲೇ ಓದು ನಿಲ್ಲಿಸಿದ್ದರು.

ಮೇಷ್ಟರಿಗೆ ನಾನು ಹೇಳಿದ್ದು ಇಷ್ಟು. ಜಗಳವೇ ಇಲ್ಲದಿದ್ದರೆ ರಾಜ ಯಾರ ಕೈಯನ್ನೂ ಯಾರ ಕೈಯಲ್ಲೂ ಇಡಬೇಕಿರಲಿಲ್ಲ. ಕಲ್ಲಿನ ಮೊದಲ ಶ್ಲೋಕ ನೋಡಿ. ಶ್ರೀವೈಷ್ಣವರ ಗುರು ರಾಮಾನುಜರನ್ನು ಪಾಷಂಡರೆಂಬ ಸಮುದ್ರಕ್ಕೆ ಬಡಬಾಗ್ನಿ, ಅಂದರೆ ಕಡಲನ್ನೇ ಸುಡುವ ಬೆಂಕಿ, ಎಂದು ಹೊಗಳುತ್ತದೆ. ಪಾಷಂಡರೆಂದರೆ ವೇದ ಒಪ್ಪದವರು, ಜೈನರೂ ಅದರಲ್ಲಿ ಸೇರುತ್ತಾರೆ. ಜೈನರನ್ನು ಕಾಪಾಡುವ ಆಜ್ಞೆ, ಜೈನ ಬಸದಿಯೊಳಗೆ ನಿಂತಿರುವ ಕಲ್ಲು, ಅದರ ನೆತ್ತಿಯ ಮೇಲೆ ಈ ಶ್ಲೋಕ!

ಇದು ಹೇಗೆ? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಎಲ್ಲರೂ ಎಡವುವುದು ಇಲ್ಲೇ. ಶಾಸನ ಅಂದರೆ ಪತ್ರಿಕೆಯ ವರದಿ ಅಲ್ಲ. ಅದನ್ನು ಯಾರೋ ಕೆತ್ತಿಸಿರುತ್ತಾರೆ, ಒಂದು ಕೆಲಸ ಆಗಲಿ ಎಂದು ಕೆತ್ತಿಸಿರುತ್ತಾರೆ. ರಾಜ್ಯದ ಎಲ್ಲ ಬಸದಿಗಳಲ್ಲೂ ಈ ಶಾಸನವನ್ನು ಶ್ರೀವೈಷ್ಣವರೇ ನೆಟ್ಟು ಪಾಲಿಸಬೇಕು ಎಂದು ಇದೇ ಕಲ್ಲು ಹೇಳುತ್ತದೆ. ಮಾಗಡಿ ತಾಲೂಕಿನ ಕಲ್ಯದಲ್ಲೂ ಇದೇ ವಿಷಯದ ಶಾಸನ ಸಿಕ್ಕಿದೆ. ಹಾಗಾಗಿ ಮೇಲಿನ ಶ್ಲೋಕ ನಿಲ್ಲಿಸಿದವರ ಕಡೆಯದು ಅಂತ ನನಗನಿಸುತ್ತದೆ. ಖಚಿತ ಎನ್ನಲಾರೆ, ಆದರೆ ಇದಕ್ಕಿಂತ ಸರಳವಾದ ವಿವರಣೆ ನನಗೆ ಕಂಡಿಲ್ಲ. ಅವರು ತಮ್ಮ ಗುರುವನ್ನು ತಮ್ಮ ರೂಢಿಯಂತೆ ಸ್ತುತಿಸಿದರು, ಆಮೇಲೆ ರಾಜನ ಮಾತಿಗೆ ಒಪ್ಪಿ ಜೈನದರ್ಶನಕ್ಕೆ ಆದ ಹಾನಿ ತಮಗೇ ಆದ ಹಾನಿ ಎಂದು ಬರೆಸಿದರು. ಎರಡೂ ನಿಜ. ಒಂದನ್ನು ಮನಸ್ಸಿನ ಮಾತು, ಇನ್ನೊಂದನ್ನು ಬರೀ ತೋರಿಕೆ ಅಂತ ವಿಂಗಡಿಸುವುದಾದರೆ ಅದಕ್ಕೆ ಕಾರಣ ಕಲ್ಲಿನಲ್ಲೇ ಸಿಗಬೇಕು.

ಅನ್ಯಾಯ ಏನಿತ್ತು ಎಂದು ಕಲ್ಲು ಬಿಡಿಸಿ ಹೇಳುವುದಿಲ್ಲ. ಪಂಚಮಹಾವಾದ್ಯ ಮತ್ತು ಕಳಶ ಜೈನರಿಗೆ ಮೊದಲಿನಂತೆ ಸಲ್ಲಬೇಕು ಎಂಬ ಆಜ್ಞೆ ಇದೆ. ಅದರಿಂದ ಜಗಳ ಮರ್ಯಾದೆಯ ವಿಷಯಕ್ಕೆ ಹತ್ತಿಕೊಂಡಿದ್ದಿರಬಹುದು ಎಂದು ಊಹಿಸುತ್ತೇವೆ. ಇದು ಊಹೆ, ಅಷ್ಟೇ. ಇದರಿಂದ ಮುಂದೆ ಹೋಗಿ ಬಸದಿ ಒಡೆದರು, ಜನ ಸತ್ತರು ಎಂದು ಈ ಕಲ್ಲಿನ ಬಾಯಲ್ಲಿ ಹೇಳಿಸಬೇಡಿ.

ಇನ್ನು ಹುಡುಗನ ತೆರಿಗೆ. ಹಣ ಎತ್ತಿದ್ದು ಶ್ರೀವೈಷ್ಣವ ಆಚಾರ್ಯ, ಅದು ಸಣ್ಣ ವಿಷಯ ಅಲ್ಲ, ಹುಡುಗನಿಗೆ ಇರುಸುಮುರುಸಾದದ್ದು ಸರಿಯೇ. ಆದರೆ ಅದೇ ವಾಕ್ಯ ಮುಂದುವರಿಯುತ್ತದೆ. ಆ ಹಣದಲ್ಲಿ ಬೆಳಗೊಳದ ದೇವರ ಅಂಗರಕ್ಷೆಗೆ 20 ಆಳುಗಳನ್ನು ಇಡಬೇಕು, ಮಿಕ್ಕಿದ್ದರಲ್ಲಿ ಹಾಳಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಅವನ ಕೆಂಪು ಗೆರೆ ಇದಕ್ಕೆ ಮುಂಚೆಯೇ ಮುಗಿದಿತ್ತು.

ಅಬ್ಬಲೂರಿನ ಶಾಸನದ ವಿಷಯದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಹಾವೇರಿ ಜಿಲ್ಲೆಯ ಈ ಊರಿನ ಸೋಮೇಶ್ವರ ಗುಡಿಯಲ್ಲಿ ಸುಮಾರು 1200ರ ಕಲ್ಲಿದೆ. ಶಿವಭಕ್ತ ಏಕಾಂತದ ರಾಮಯ್ಯ ಜೈನರೊಡನೆ ಪಣ ಕಟ್ಟಿ ತಲೆ ಕತ್ತರಿಸಿಕೊಂಡ, ಏಳು ದಿನದ ಮೇಲೆ ತಲೆ ಮತ್ತೆ ಕೂಡಿಕೊಂಡಿತು, ಜೈನರು ಮಾತು ತಪ್ಪಿದಾಗ ಜಿನಬಿಂಬ ಒಡೆದ, ಕೊನೆಗೆ ಕಳಚುರಿ ದೊರೆ ಬಿಜ್ಜಳ ಅವನಿಗೆ ಜಯಪತ್ರ ಕೊಟ್ಟ ಎಂದು ಬರೆದಿದೆ. ಭಕ್ತರು ಎಲ್ಲವನ್ನೂ ನಂಬುತ್ತಾರೆ, ಅದು ಅವರ ನಂಬಿಕೆ, ನನ್ನ ತಕರಾರಿಲ್ಲ. ಕೆಲವರು ತಲೆಯ ಕಥೆ ಬಿಟ್ಟು ಬಿಂಬ ಒಡೆದದ್ದನ್ನು ಇತಿಹಾಸ ಅನ್ನುತ್ತಾರೆ. ಇನ್ನು ಕೆಲವರು ತಲೆಯ ಕಥೆ ಸುಳ್ಳಾದ್ದರಿಂದ ಬಿಂಬ ಒಡೆದದ್ದೂ ಸುಳ್ಳು ಎಂದು ಕೈತೊಳೆದುಕೊಳ್ಳುತ್ತಾರೆ. ಪವಾಡ ನಡೆಯುತ್ತದೋ ಇಲ್ಲವೋ ಎಂಬ ಉತ್ತರವನ್ನು ಇವರೆಲ್ಲ ಮನೆಯಿಂದಲೇ ತಂದಿರುತ್ತಾರೆ. ತರಲಿ, ನಾನೂ ತಂದಿರುತ್ತೇನೆ, ಏನೂ ನಂಬದ ಮನುಷ್ಯ ಯಾರಿದ್ದಾರೆ? ಆದರೆ ಹಾಗೆ ತಂದದ್ದನ್ನು ಕಲ್ಲು ಹೇಳಿತು ಅನ್ನಬಾರದು. ಈ ಕಲ್ಲು ಕೆತ್ತಿದ್ದು ಬಿಜ್ಜಳನ ಆಳ್ವಿಕೆ ಮುಗಿದು ಸುಮಾರು ಮೂರು ದಶಕ ಕಳೆದ ಮೇಲೆ, ಅದೂ ಗೆದ್ದವರ ಗುಡಿಯಲ್ಲಿ. ಗೆದ್ದವರು ಯಾವುದರ ಬಗ್ಗೆ ಹೆಮ್ಮೆಪಟ್ಟರು ಎಂಬುದನ್ನು ಮಾತ್ರ ಅದು ಗಟ್ಟಿಯಾಗಿ ಹೇಳುತ್ತದೆ. ಆ ಮಾಹಿತಿಯೂ ಕಡಿಮೆಯದೇನಲ್ಲ.

ಸವೆದ ಕಲ್ಲಿನಲ್ಲಂತೂ ಅಕ್ಷರವೇ ಮನಸ್ಸಿನಂತೆ ಕಾಣುತ್ತದೆ. ಪ ಮತ್ತು ವ ನಡುವೆ ಒಂದು ಸಣ್ಣ ಗೀರಿನ ಅಂತರ, ತಮ್ಮ ಮನೆತನದ ಹೆಸರು ಹುಡುಕಿ ಬಂದವರಿಗೆ ಆ ಗೀರು ಕಂಡೇ ಕಾಣುತ್ತದೆ. ಅದಕ್ಕೇ ನಾವು ಒದ್ದೆ ಕಾಗದ ಅಂಟಿಸಿ, ಬ್ರಷ್‌ನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತೇವೆ, ಆಮೇಲೆ ಬೇರೆಯವರಿಗೂ ಓದಲು ಕೊಡುತ್ತೇವೆ. ನಮ್ಮ ಓದು ಏನೆಂದು ಅವರಿಗೆ ಹೇಳುವುದಿಲ್ಲ.

ಬೆಳಗೊಳದ ಕಲ್ಲಿನ ಕೊನೆಯ ಸಾಲುಗಳಿಗೆ ಇದುವರೆಗೆ ಯಾರೂ ಗೆರೆ ಎಳೆದು ಕಳಿಸಿಲ್ಲ. ಕಲ್ಲೇಹದ ಬುಸುವಿಸೆಟ್ಟಿ ರಾಜನಿಗೆ ಬಿನ್ನಹ ಮಾಡಿ, ತಾತಯ್ಯನವರನ್ನು ಕರೆತಂದು, ಜೀರ್ಣೋದ್ಧಾರ ಮಾಡಿಸಿದ ಎಂದಿದೆ. ಎರಡೂ ಸಮಯದವರು, ಅಂದರೆ ಎರಡೂ ಪಂಥದವರು, ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು ಎಂದೂ ಇದೆ. ಕಾಸು ಎಲ್ಲಿಂದ ಬಂತು, ಯಾರು ಓಡಾಡಿದರು, ಜಗಳವನ್ನು ಹೇಗೆ ತಣ್ಣಗೆ ಮಾಡಿದರು ಎಂದು ಹುಡುಕಬೇಕಾದ್ದು ಇಲ್ಲಿಂದ. ಮೇಷ್ಟರಿಗೂ ಆ ಹುಡುಗನಿಗೂ ಈ ಸಾಲುಗಳ ಪೂರ್ತಿ ಪಾಠ ಕಳಿಸಿದ್ದೇನೆ.