ಕೋಚನಹಳ್ಳಿಗೆ ಬಾರದ ಚಿಪ್ ಕಾರ್ಖಾನೆ

2022ರ ಮೇ 1ರಂದು ಐಎಸ್‌ಎಂಸಿ ಕಂಪನಿ ರಾಜ್ಯ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು. ಮೈಸೂರಿನ ಕೋಚನಹಳ್ಳಿಯಲ್ಲಿ 150 ಎಕರೆ, 22,900 ಕೋಟಿ ರೂಪಾಯಿ ಬಂಡವಾಳ, 65 ನ್ಯಾನೊಮೀಟರ್ ಚಿಪ್ (ಈ ಸಂಖ್ಯೆ ಸಣ್ಣದಾದಷ್ಟೂ ಚಿಪ್ ಹೊಸ ಪೀಳಿಗೆಯದು). ಆದರೆ ರಾಜ್ಯದ ಸಹಿ ಬೇರೆ, ಕೇಂದ್ರದ ಸಹಾಯಧನ ಬೇರೆ.

ಕೇಂದ್ರದ 76,000 ಕೋಟಿಯ ಯೋಜನೆಯಲ್ಲಿ ಎಲ್ಲಕ್ಕಿಂತ ಬಿಗಿಯಾದ ಷರತ್ತು ದುಡ್ಡಿನದಲ್ಲ, ತಂತ್ರಜ್ಞಾನದ್ದು. ಅದು ಅರ್ಜಿದಾರರ ಸ್ವಂತದ್ದಾಗಿರಬೇಕು, ಇಲ್ಲವೇ ಲೈಸೆನ್ಸ್ ಪಡೆದದ್ದಾಗಿರಬೇಕು. ಅದೂ ಉತ್ಪಾದನೆಯಲ್ಲಿ ಪಳಗಿದ್ದು. ಈ ಹಟಕ್ಕೆ ಕಾರಣವಿದೆ. ಚಿಪ್ಪುಗಳು ಮೂಡುವ ಸಿಲಿಕಾನ್ ಬಿಲ್ಲೆಯೇ ವೇಫರ್; ಒಂದು ವೇಫರ್ ನೂರಾರು ಹಂತ ದಾಟಬೇಕು. ಪ್ರತಿ ಹಂತಕ್ಕೂ ಇಷ್ಟೇ ಶಾಖ, ಇಂಥದ್ದೇ ಅನಿಲ, ಇಷ್ಟೇ ಸೆಕೆಂಡು ಎಂಬ ‘ರೆಸಿಪಿ’ ಇರುತ್ತದೆ. ಯಂತ್ರಗಳನ್ನು ಕಾಸು ಕೊಟ್ಟು ತರಬಹುದು. ರೆಸಿಪಿ ಕೈಯಲ್ಲಿಲ್ಲದಿದ್ದರೆ ಅವುಗಳಿಂದ ಹೊರಬರುವುದು ಕೆಟ್ಟ ಚಿಪ್ಪುಗಳ ರಾಶಿ. ಈ ತಂತ್ರಜ್ಞಾನಕ್ಕೆ ಐಎಸ್‌ಎಂಸಿ ನೆಚ್ಚಿದ್ದು ಇಸ್ರೇಲಿನ ಚಿಪ್ ತಯಾರಕ ಟವರ್ ಕಂಪನಿಯನ್ನು. ಅದನ್ನು ಕೊಳ್ಳುವುದಾಗಿ ಇಂಟೆಲ್ 2022ರ ಫೆಬ್ರವರಿಯಲ್ಲೇ ಸಾರಿತ್ತು. ಆ ವ್ಯವಹಾರ ತೂಗಾಡುತ್ತಲೇ ಇದ್ದು 2023ರ ಆಗಸ್ಟಿನಲ್ಲಿ ಮುರಿದುಬಿತ್ತು. ಅಷ್ಟರಲ್ಲಿ ಮೈಸೂರಿನ ಅರ್ಜಿ ಮೂಲೆ ಸೇರಿತ್ತು.

ಇನ್ನು ಕೇಂದ್ರದ ಸಹಾಯಧನದ ಪ್ರಮಾಣ. ಮೊದಲಿಗೆ 28 ನ್ಯಾನೊಮೀಟರ್ ಮತ್ತು ಅದಕ್ಕಿಂತ ಸಣ್ಣದಕ್ಕೆ ವೆಚ್ಚದ ಶೇ 50, 65ಕ್ಕೆ ಶೇ 30 ಮಾತ್ರ ಇತ್ತು. 2022ರ ಸೆಪ್ಟೆಂಬರಿನಲ್ಲಿ ಎಲ್ಲಕ್ಕೂ ಶೇ 50 ಎಂದಾಯಿತು. 22,900 ಕೋಟಿಯನ್ನು ಪೂರ್ತಿ ಲೆಕ್ಕಕ್ಕೆ ಹಿಡಿದರೆ ನೆರವು 6,870 ಕೋಟಿಯಿಂದ 11,450 ಕೋಟಿಗೆ ಜಿಗಿಯುತ್ತದೆ. ಸರಿಯಾದ ತಿದ್ದುಪಡಿಯೇ, ಕಾರಿಗೂ ಚಾರ್ಜರಿಗೂ ಹಳೆಯ ಪೀಳಿಗೆಯ ಚಿಪ್ಪೇ ಸಾಕು.

ಈ ಹಣ ಮುಂಗಡವಾಗಿ ಕೈಗೆ ಬರುವುದಿಲ್ಲ. ‘ಪಾರಿ ಪಾಸು’ ಎಂಬ ಕರಾರಿನಂತೆ ಕಂಪನಿಯ ಪಾಲು ಬಿದ್ದಂತೆಲ್ಲ ಸರ್ಕಾರದ ಪಾಲೂ ಬೀಳುತ್ತದೆ. ಬ್ಯಾಂಕ್ ಸಾಲ ತಡವಾದರೆ ಸರ್ಕಾರದ ಕಂತೂ ತಡ. ಹಾಗಾಗಿ ಕಂಪನಿಯ ಪಾಲು ಎಷ್ಟು ಎಂಬುದೇ ಮುಖ್ಯ ಪ್ರಶ್ನೆ. ಗುಜರಾತ್ ತನ್ನ ನೀತಿಯಲ್ಲಿ ಕೇಂದ್ರದ ನೆರವಿನ ಮೇಲೆ ಅದರ ಶೇ 40ರಷ್ಟನ್ನು ಸೇರಿಸಿತು. ನೂರು ರೂಪಾಯಿಯಲ್ಲಿ ಕೇಂದ್ರದ್ದು 50, ರಾಜ್ಯದ್ದು 20. ಕಂಪನಿಗೆ ಉಳಿದದ್ದು 30. ಆ ರಾಜ್ಯದ ಸಾನಂದ್‌ನಲ್ಲಿ ಅಮೆರಿಕದ ಚಿಪ್ ಕಂಪನಿ ಮೈಕ್ರಾನ್‌ನ ಘಟಕದಲ್ಲಿ ಒಟ್ಟು 275 ಕೋಟಿ ಡಾಲರಿನಲ್ಲಿ ಕಂಪನಿಯದು 82.5 ಕೋಟಿ, ಲೆಕ್ಕ ಕರಾರುವಾಕ್ಕು.

ಚಿಪ್ ತಯಾರಕರಿಗೆ ನೆರವು ಕೊಡುವ ಅಮೆರಿಕದ 2022ರ ‘ಚಿಪ್ಸ್’ ಕಾಯ್ದೆಯ ಬಿಗಿ ಬೇರೆ ಕಡೆಗಿದೆ: ನೆರವು ಪಡೆದವರು 10 ವರ್ಷ ಚೀನಾದಲ್ಲಿ ಅತ್ಯಾಧುನಿಕ ಚಿಪ್ ಸಾಮರ್ಥ್ಯವನ್ನು ಶೇ 5ಕ್ಕಿಂತ ಹೆಚ್ಚಿಸುವಂತಿಲ್ಲ. ಮೀರಿದರೆ ಹಣ ವಾಪಸ್.

2024ರ ಸೆಪ್ಟೆಂಬರಿನಲ್ಲಿ ಮೈಸೂರಿನದೇ ಕೇನ್ಸ್ ಸಂಸ್ಥೆಗೆ 3,300 ಕೋಟಿಯ ಘಟಕ ಮಂಜೂರಾಯಿತು. ವೇಫರ್ ತಯಾರಿಕೆಯಲ್ಲ, ಕತ್ತರಿಸಿದ ಚಿಪ್ಪಿಗೆ ಕವಚ ತೊಡಿಸಿ ಪರೀಕ್ಷಿಸುವ ಕೆಲಸ. ದಿನಕ್ಕೆ 60 ಲಕ್ಷ ಚಿಪ್. ಜಾಗ ಸಾನಂದ್.