ಚಳಿಗೆ ಕಟ್ಟೋ ಕೊಬ್ಬರಿ ಎಣ್ಣೆ, ಕಟ್ಟದ ಜೀವಕೋಶ

ಡಿಸೆಂಬರ್ ಬಂತು ಅಂದ್ರೆ ತುಮಕೂರಲ್ಲಿ ನಮ್ಮನೆ ಗೂಡಲ್ಲಿರೋ ಕೊಬ್ಬರಿ ಎಣ್ಣೆ ಬೆಳಗ್ಗೆ ಹೊತ್ತಿಗೆ ಕಲ್ಲಾಗಿರುತ್ತೆ, ಅಮ್ಮ ಬಾಟ್ಲಿನ ಸ್ನಾನದ ಹಂಡೆ ಪಕ್ಕ ಇಟ್ಟು ಕರಗಿಸ್ತಾರೆ, ಆದ್ರೆ ಪಾವಗಡದ ಕಡ್ಲೆಕಾಯಿ ಎಣ್ಣೆ ಮಾತ್ರ ಅದೇ ಚಳೀಲಿ ಆರಾಮಾಗಿ ಹರೀತಿರುತ್ತೆ. ಯಾಕೆ? ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲದ ಸರಪಳಿಗಳು ಹೆಚ್ಚುಕಮ್ಮಿ ನೆಟ್ಟಗಿರ್ತವೆ, ಸೌದೆ ಹೊರೆ ಥರ ಒತ್ತೊತ್ತಾಗಿ ಕೂರ್ತವೆ. ಕಡ್ಲೆಕಾಯಿ ಎಣ್ಣೇಲಿ ಡಬಲ್ ಬಾಂಡ್, ಅಂದ್ರೆ ಎರಡು ಕಾರ್ಬನ್‌ಗಳ ನಡುವೆ ಜೋಡಿ ಬೆಸುಗೆ, ಇರೋ ಕಡೆ ಸರಪಳಿ ಸೊಟ್ಟ. ಸೊಟ್ಟ ಸೌದೆ ಹೊರೆ ಕಟ್ಟಿ ನೋಡಿ, ಗೊತ್ತಾಗುತ್ತೆ.

ನಮ್ಮ ಜೀವಕೋಶದ ಪೊರೆ ಕಥೆನೂ ಇದೇ. ಅದು ಫಾಸ್ಫೋಲಿಪಿಡ್ ಅನ್ನೋ ಕೊಬ್ಬಿನ ಅಣುಗಳಿಂದ ಆಗಿರೋದು, ಒಂದೊಂದಕ್ಕೂ ಒಂದು ತಲೆ, ಎರಡು ಬಾಲ; ಬಾಲ ಅಂದ್ರೆ ಅದೇ ಕೊಬ್ಬಿನಾಮ್ಲದ ಸರಪಳಿ. ಪೊರೆ ಬಿಗಿಯಾಗ್ಬಿಟ್ರೆ ಅದ್ರೊಳಗಿನ ಪ್ರೋಟೀನ್‌ಗಳು ಅಲ್ಲಾಡೋಕಾಗಲ್ಲ. ಅದಕ್ಕೇ ದೇಹ ಒಂದು ಬಾಲ ಕಿತ್ತು ಬೇರೆ ಬಾಲ ಹಾಕ್ತಾನೇ ಇರುತ್ತೆ, ಚಪ್ಪಲಿಗೆ ಉಂಗುಷ್ಠ ಬದಲಾಯಿಸ್ದಂಗೆ, ಇಡೀ ಚಪ್ಪಲಿ ಬಿಸಾಕಲ್ಲ. ವಿಲಿಯಂ ಲ್ಯಾಂಡ್ಸ್ ಅನ್ನೋ ಜೀವರಸಾಯನ ವಿಜ್ಞಾನಿ 1958ರಲ್ಲಿ ಇದನ್ನ ತೋರಿಸಿದ್ರು, ಈಗ ಅದಕ್ಕೆ ಲ್ಯಾಂಡ್ಸ್ ಸೈಕಲ್ ಅಂತಾರೆ. ಬಾಲ ಕೀಳೋ ಕೆಲಸ ಫಾಸ್ಫೋಲೈಪೇಸ್ ಎ2 ಅನ್ನೋ ಎಂಜೈಮ್‌ದು. ಹಾಕೋರಲ್ಲಿ ಒಬ್ಬ ಎಲ್‌ಪಿಕ್ಯಾಟ್3 ಅನ್ನೋ ಎಂಜೈಮ್, 487 ಅಮೈನೋ ಆಮ್ಲದ ಪ್ರೋಟೀನ್, ಕೋಶದೊಳಗಿನ ಇ.ಆರ್. (ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ) ಅನ್ನೋ ಪೊರೆಜಾಲದಲ್ಲೇ ಹುದುಗಿ ಕೂತಿರುತ್ತೆ. ಇದಕ್ಕೆ ಸೊಟ್ಟ ಬಾಲಾನೇ ಇಷ್ಟ: ಎರಡು ಡಬಲ್ ಬಾಂಡ್ ಇರೋ ಲಿನೋಲೆಯಿಕ್ ಆಮ್ಲ, ನಾಲ್ಕಿರೋ ಅರಾಕಿಡೋನಿಕ್ ಆಮ್ಲ.

ಇದಿಲ್ದಿದ್ರೆ ಏನಾಗುತ್ತೆ ಅಂತ ಇಲಿಗಳಲ್ಲಿ ನೋಡಿದಾರೆ. ಈ ಎಂಜೈಮ್‌ನ ಜೀನ್ ತೆಗೆದ ಮರಿಗಳು ಹುಟ್ಟಿದ ಸ್ವಲ್ಪ ದಿನಕ್ಕೇ ಸಾಯ್ತವೆ. ತಾಯಿ ಹಾಲು ಕುಡೀತವೆ, ಹೊಟ್ಟೆಗೂ ಹೋಗುತ್ತೆ, ಆದ್ರೆ ಕೊಬ್ಬು ಕರುಳಿನ ಕೋಶದಲ್ಲೇ ಸಿಕ್ಕಾಕ್ಕೊಂಡು ರಕ್ತಕ್ಕೆ ಸರಿಯಾಗಿ ದಾಟೋದೇ ಇಲ್ಲ. ಹಾಲು ಕುಡಿದೂ ಉಪವಾಸ! ಬಿಗಿಯಾದ ಪೊರೆ ಕೊಬ್ಬನ್ನ ಪೊಟ್ಟಣ ಕಟ್ಟಿ ಕಳಿಸೋಕೆ ಬಗ್ಗಲ್ಲ.

ಹಾಗಂತ ಸೊಟ್ಟ ಬಾಲ ಅಂದ್ರೆ ಬರೀ ಲಾಭ ಅಂದ್ಕೋಬೇಡಿ. ಕಡ್ಲೆಕಾಯಿ ಎಣ್ಣೆ ಡಬ್ಬಿ ಮುಚ್ಚಳ ತೆಗೆದಿಟ್ರೆ ಬೇಗ ಕಮಟು ವಾಸನೆ ಬರುತ್ತೆ, ಕೊಬ್ಬರಿ ಎಣ್ಣೆ ಅಷ್ಟು ಬೇಗ ಕೆಡಲ್ಲ, ನಮ್ಮಜ್ಜಿ ಇದನ್ನ ಕೆಮಿಸ್ಟ್ರಿ ಓದದೇನೇ ಹೇಳ್ತಿದ್ರು. ಡಬಲ್ ಬಾಂಡ್ ಪಕ್ಕದಲ್ಲೇ ಆಕ್ಸಿಜನ್ ಕೈ ಹಾಕೋದು. ಪೊರೇಲೂ ಹಂಗೇ, ಕಬ್ಬಿಣದ ಅಂಶ ಸೇರಿದ್ರೆ ಕಿಡಿ ಹೊತ್ತಿದಂಗೆ ಒಂದು ಬಾಲದಿಂದ ಇನ್ನೊಂದಕ್ಕೆ ಹರಡಿ ಇಡೀ ಕೋಶಾನೇ ಸಾಯುತ್ತೆ. 2012ರಲ್ಲಿ ಈ ಸಾವಿಗೆ ಫೆರಾಪ್ಟೋಸಿಸ್ ಅಂತ ಹೆಸರಿಟ್ರು. ಎಲ್‌ಪಿಕ್ಯಾಟ್3 ತೆಗೆದ ಎಷ್ಟೋ ಕೋಶಗಳು ಈ ಸಾವಿಗೆ ಅಷ್ಟು ಸುಲಭಕ್ಕೆ ಬಗ್ಗಲ್ಲ. ಮಿಕ್ಕ ಕೋಶಗಳಲ್ಲಿ ಕಮಟಾದ ಬಾಲಗಳನ್ನ ಹುಡುಕಿ ಹುಡುಕಿ ಸರಿ ಮಾಡೋಕೆ ಜಿಪಿಎಕ್ಸ್4 ಅನ್ನೋ ಇನ್ನೊಂದು ಎಂಜೈಮ್ ಹಗಲೂ ರಾತ್ರಿ ದುಡೀತಿರುತ್ತೆ.